ಇಂದ್ರವ್ವನ ಹೊಲದ ಕೂಳೆ

ಫೆಬ್ರುವರಿ 6, ಶುಕ್ರವಾರ

ಅಕ್ಷರ ಸೊಟ್ಟಗಿವೆ. ಒತ್ತಕ್ಷರ ಎಲ್ಲಿ ಬರಬೇಕು ಎಂಬುದು ಅರ್ಧ ಮರೆತಿದೆ. ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುವುದರಿಂದ ಸಾಲೂ ನೆಟ್ಟಗೆ ನಿಲ್ಲುತ್ತಿಲ್ಲ. ಇದನ್ನು ಯಾರೂ ಓದುವುದಿಲ್ಲ. ಆದರೂ ತಪ್ಪಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ. ರಾಜೇಶ್ವರಿ ಟೀಚರ್ ಕೆಂಪು ಪೆನ್ನು ತೆಗೆಯುವ ಮುಂಚೆಯೇ ಹಾಗೆ ಹೇಳಿಬಿಡುತ್ತಿದ್ದೆ. ಐದನೆಯ ತರಗತಿ ಮುಗಿದ ಮೇಲೆ ಶಾಲೆ ಬಿಟ್ಟೆ. ಮಾತಾಡಲು ಹೋದರೆ ನನಗೆ ಗಂಟಲು ಕಟ್ಟುತ್ತದೆ, ಬರೆದರೆ ಕಟ್ಟುವುದಿಲ್ಲ.

ನಾನು ಕುರಿಯ ಹಿಂದೆ ಬಂದದ್ದು ಇದೇ ಮೊದಲು. ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ದಿನ ತುಂಬಿದೆ. ಅವಳ ಜೊತೆ ಅವ್ವ ಸುರೇಬಾನದ ಹತ್ತಿರದ ನಮ್ಮ ಹಟ್ಟಿಯಲ್ಲೇ ಉಳಿದಳು. ಅಡುಗೆಗೆ, ಮರಿಗಳನ್ನು ನೋಡಿಕೊಳ್ಳುವುದಕ್ಕೆ ನಾನು. ಅಣ್ಣ ಮಾಂತೇಶ, ಅಜ್ಜ ಅಮೋಘಸಿದ್ದಪ್ಪ, ಸಾಮಾನು ಹೊರುವ ಕುದುರೆ, ಎರಡು ನಾಯಿ. ಕುರಿ ಎಷ್ಟು ಎಂದು ಎಣಿಸಬಾರದು, ಬರೆಯಲೂಬಾರದು ಎಂದು ಅಜ್ಜ ಹೇಳಿದ್ದಾನೆ. ಅರ್ಧ ನಮ್ಮವು, ಅರ್ಧ ಹಟ್ಟಿಯ ಬೇರೆ ಮನೆಗಳವು. ಅಮೋಘಸಿದ್ದಪ್ಪನ ಕೋಲಿನ ಮುಂದೆ ಬಿಟ್ಟರೆ ಸಾಕು ಎಂದು ನಂಬಿ ಬಿಟ್ಟವರು.

ಅಜ್ಜನ ಹರೆಯದಲ್ಲಿ ಶಿವರಾತ್ರಿ ಮಾಡಿಕೊಂಡು ಹೊರಡುತ್ತಿದ್ದರಂತೆ. ಈಗ ಸಂಕ್ರಾಂತಿಗೇ ನಮ್ಮ ಕಡೆ ಹುಲ್ಲು ಮುಗಿಯುತ್ತದೆ. ಈ ಸಲ ಮುಂಗಾರು ಮೋಡ ತೋರಿಸಿ ಹೋಯಿತು. ಕಿತ್ತೂರಿನ ಕಡೆ ಇನ್ನೂ ಹಸಿರಿದೆ ಎಂಬ ಆಸೆಯಿಂದ ನಡೆಯುತ್ತಿದ್ದೇವೆ. ನಾವಷ್ಟೇ ಅಲ್ಲ. ವಿಜಯಪುರದ ಕಡೆಯ ಹಿಂಡುಗಳು, ಅದರಾಚೆ ಮಹಾರಾಷ್ಟ್ರದ ಹಿಂಡುಗಳು, ಎಲ್ಲವೂ ಇದೇ ದಾರಿ ಹಿಡಿದಿವೆ. ಹಿಂದೆ ಕರೆದು ಕೂರಿಸುತ್ತಿದ್ದ ಊರುಗಳೇ ಈಗ ಬೋರ್ಡು ಹಾಕಿವೆ: "ಕುರಿಗಳಿಗೆ ಪ್ರವೇಶವಿಲ್ಲ." ಅವನ್ನು ಓದಿ ಹೇಳುವ ಕೆಲಸ ನನ್ನದು. ಓದಿದಾಗ ಅಜ್ಜ ಬೋರ್ಡಿನ ಮೇಲಲ್ಲ, ನನ್ನ ಮೇಲೆ ಸಿಟ್ಟಾಗುತ್ತಾನೆ.

ಫೆಬ್ರುವರಿ 8, ರವಿವಾರ

ಯರಗಟ್ಟಿ ದಾಟಿದ ಮೇಲೆ ಮಳೆ ಹಿಡಿಯಿತು. ನಿನ್ನೆ ಮಧ್ಯಾಹ್ನ ಶುರುವಾದದ್ದು ಇನ್ನೂ ನಿಂತಿಲ್ಲ. ಮರಿಗಳನ್ನು ತಾಡಪತ್ರಿಯ ಕೆಳಗೆ ತುಂಬಿ ನಾವು ಹೊರಗೆ ನೆನೆಯುತ್ತ ಕುಳಿತೆವು.

"ಇದು ಯಾವ ಮಳಿ, ಯಜ್ಜಾ?" ಎಂದು ಕೇಳಿದೆ. ಅಜ್ಜ ಭರಣಿಯಿಂದ ಹಿಡಿದು ಎಲ್ಲ ಮಳೆಗಳ ಹೆಸರು ಹೇಳಬಲ್ಲ. ಮೋಡ ನೋಡಿದ, ಬೆರಳು ಮಡಚಿದ, ಬಿಟ್ಟ.

"ಇದಕ್ಕ ಹೆಸರಿಲ್ಲ," ಎಂದ.

ಫೆಬ್ರುವರಿ 12, ಗುರುವಾರ

ಬೈಲಹೊಂಗಲದ ದಾರಿಯಲ್ಲಿ ಒಂದು ಸಣ್ಣ ಊರು. ಬೋರ್ಡು ಇರಲಿಲ್ಲ. ಅದೇ ನನಗೆ ಅನುಮಾನ ತರಿಸಿತು.

ಊರ ಹೊರಗೆ ನಿಂತಿದ್ದಾಗ ಒಬ್ಬ ಹೆಂಗಸು ತಾನಾಗಿಯೇ ಬಂದಳು. ಹೆಸರು ಇಂದ್ರವ್ವ. ಗಂಡ ಇಲ್ಲ, ಹೊಲ ಅವಳದೇ.

"ಯಜ್ಜಾ, ನನ್ನ ಹೊಲದಾಗ ನಾಕ ದಿನ ಕುರಿ ತರಬ್ರಿ. ಜ್ವಾಳ ತೆನಿ ಕಟ್ಟಲಿಲ್ಲ, ಒಣಗಾಕ ಹತ್ತಿತ್ತು. ಮೇವಿಗೆ ಅಂತ ಮಳಿಗಿಂತ ಮೊದಲ ಕೊಯ್ಸಿಬಿಟ್ಟೆ. ಕಣಕಿ ಹೊತ್ತ ಹಾಕಿದ ಮ್ಯಾಲ ಕೂಳ್ಯಾಗ ಬಿಡ್ರಿ. ಗೊಬ್ಬರಾನರ ಆಗಲಿ."

ಕಣಿಕೆ ಎಂದರೆ ಕೊಯ್ದ ಜೋಳದ ದಂಟು, ಕೂಳೆ ಎಂದರೆ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಮೊಂಡು. ಕುರಿ ತರುಬುವುದೆಂದರೆ ಹಿಂಡನ್ನು ಹೊಲದಲ್ಲಿ ಬೀಡು ಬಿಡಿಸುವುದು. ಅವರಿಗೆ ಹಿಕ್ಕೆಯ ಗೊಬ್ಬರ, ನಮಗೆ ಕಾಳು, ಕುರಿಗೆ ಉದುರಿದ ಎಲೆ. ಅಜ್ಜನ ಮುಖ ಎಷ್ಟೋ ದಿನದ ಮೇಲೆ ಅರಳಿತು.

ಅಷ್ಟರಲ್ಲಿ ಅವಳ ಮೈದುನ ವಿರೂಪಾಕ್ಷ ಮೋಟರ್ ಸೈಕಲ್ ನಿಲ್ಲಿಸಿದ. ಇಂದ್ರವ್ವನ ಹೊಲದ ಪಕ್ಕದಲ್ಲೇ ಅವನ ಕಡಲೆ ನಿಂತಿದೆ.

"ವೈನೀ, ನಿನಗ ತಲಿ ಐತೇನ? ಮೊನ್ನಿ ಯಾವನೋ ಕುರಿಯಾಂವ ನನ್ನ ಕಡ್ಲಿಗೆ ಬಿಟ್ಟ ಹೋದ. ಇಂವಾ ಯಾರೋ, ಎಲ್ಲ್ಯಾಂವೋ."

"ನಿನ್ನ ಕಡ್ಲಿಗೆ ನೀ ಮುಳ್ಳ ಹಚ್ಚಕೊ. ನನ್ನ ಹೊಲಕ್ಕ ನಾ ಯಜಮಾನಿ ಅದೇನಿ."

ಅಜ್ಜ ಕೋಲು ಮುಂದೆ ಹಿಡಿದ. "ತಮ್ಮಾ, ನನ್ನ ಕುರಿ ನಿನ್ನ ಪೀಕಿಗೆ ಬಾಯಿ ಹಾಕಿದ್ರ ಈ ಕೋಲ ತಗೊಂಡ ನನ್ನ ಬೆನ್ನಿಗೆ ಬಾರಸು."

"ಎಲ್ಲಾರೂ ಹಿಂಗ ಅಂತಾರ ಯಜ್ಜಾ. ಹೋಗೂ ಮುಂದ ಕೋಲ ಯಾರೂ ಬಿಟ್ಟ ಹೋಗೂದಿಲ್ಲ," ಎಂದು ವಿರೂಪಾಕ್ಷ ನಕ್ಕ. ನಗುವಾಗಲೂ ಅವನ ಕಣ್ಣು ನಮ್ಮ ಸಾಮಾನಿನ ಮೇಲೆಯೇ ಇತ್ತು.

ಸಂಜೆ ಇಂದ್ರವ್ವ ರೊಟ್ಟಿ, ಹಿಂಡಿಪಲ್ಯ ಕಳಿಸಿದಳು. ಅಣ್ಣ ಕೈ ಹಾಕುವ ಮುಂಚೆ ಅರ್ಧ ರೊಟ್ಟಿ ನಾಯಿಗೆ ಹಾಕಿ ಸ್ವಲ್ಪ ಹೊತ್ತು ನೋಡಿದೆ. ನಾಯಿ ಇನ್ನರ್ಧ ಕೇಳಿತು.

ಫೆಬ್ರುವರಿ 16, ಸೋಮವಾರ

ಕಣಿಕೆ ಸಾಗಿಸುವುದು ಇನ್ನೂ ಮುಗಿದಿಲ್ಲ, ಇವತ್ತು ಸಂಜೆಗೆ ಮುಗಿಯುತ್ತದಂತೆ. ಕುರಿಗಳಿಗೆ ರಸ್ತೆಯ ಬದಿಯ ಧೂಳೇ ಮೇವು. ಊರ ದನ ಕುಡಿದು ಹೋದ ಮೇಲೆ ಮಾತ್ರ ನಮಗೆ ಕೆರೆಯ ನೀರು. ಕೆರೆ ಎಂದರೆ ಈಗ ನಡುವೆ ಒಂದಿಷ್ಟು ಕೆಸರುನೀರು. ನಾವು ಬಗ್ಗಿದಾಗ ಏರಿಯ ಮೇಲೆ ಯಾರಾದರೂ ಒಬ್ಬರು ನಿಂತೇ ಇರುತ್ತಾರೆ. ಇಬ್ಬರು ಹುಡುಗರು ಮೊಬೈಲಿನಲ್ಲಿ ನಮ್ಮ ಫೋಟೊ ತೆಗೆದುಕೊಂಡು ಹೋದರು. ಯಾರಿಗೆ ತೋರಿಸಲು?

ಇಂದ್ರವ್ವ ಎರಡು ಸಲ ಬಂದಳು. ಎಷ್ಟು ಮಂದಿ ಇದ್ದೀರಿ, ರಾತ್ರಿ ಯಾರು ಎಚ್ಚರ ಇರುತ್ತಾರೆ, ಮುಂದೆ ಯಾವ ಊರು ಎಂದೆಲ್ಲ ಕೇಳಿದಳು. ಇಷ್ಟೆಲ್ಲ ಅವಳಿಗೆ ಯಾಕೆ? ನಾನು ತಲೆಯ ಮೇಲಿನ ಸೆರಗು ಎಳೆದುಕೊಂಡು ಒಲೆ ಊದಿದೆ.

"ನಿನಗ ಮಾತ ಬರೂದಿಲ್ಲೇನ ಯವ್ವಾ? ಇಲ್ಲಾ ನನ್ನ ಮಾರಿ ಸೇರವಲ್ದೇನ?" ಎಂದು ನಗುತ್ತ ಹೋದಳು.

ಅವಳ ಹೊಲದ ಬದುವಿನ ತನಕ ಹೋಗಿ ನೋಡಿ ಬಂದೆ. ದೂರದಿಂದ ಒಣಗಿದಂತೆ ಕಾಣುತ್ತದೆ. ಹತ್ತಿರ ಹೋದರೆ ಕೂಳೆಯ ಬುಡದಲ್ಲೆಲ್ಲ ಬೆರಳುದ್ದ ಹಸಿರು. ನೋಡಿ ಕಣ್ಣು ತಂಪಾಯಿತು. ನಾಳೆ ನಮ್ಮ ಕುರಿಗಳಿಗೆ ಹಬ್ಬ.

ಫೆಬ್ರುವರಿ 17, ಮಂಗಳವಾರ

ಕುರಿ ಸತ್ತವು. ಹೊಲಕ್ಕೆ ಬಿಟ್ಟು ನಾಲ್ಕು ರೊಟ್ಟಿ ಬೇಯುವುದರೊಳಗೆ. ಉಳಿದದ್ದು ನಾಳೆ ಬರೆಯುತ್ತೇನೆ.

ಫೆಬ್ರುವರಿ 18, ಬುಧವಾರ

ಒಂಬತ್ತು. ಸತ್ತವನ್ನು ಎಣಿಸಬಹುದು.

ನಿನ್ನೆ ಬೆಳಿಗ್ಗೆ ಅಜ್ಜ ಬದುವಿನ ಮೇಲೆ ನಿಂತು "ಬಿಡೋ" ಎಂದ. ಎಷ್ಟೋ ದಿನ ಹಸಿದಿದ್ದ ಕುರಿಗಳು ನುಗ್ಗಿದವು. ನಾನು ಹಿಟ್ಟು ಬಡಿಯುತ್ತಿದ್ದೆ. ಅಣ್ಣ ಕೂಗಿದ. ಓಡಿಹೋಗಿ ನೋಡಿದರೆ ಕುರಿಗಳು ಕುಡಿದವರ ಹಾಗೆ ತೂರಾಡಿ ಬೀಳುತ್ತಿದ್ದವು. ಬಾಯಲ್ಲಿ ನೊರೆ. ಕಾಲು ಸೆಟೆದು ಎರಡು ಸಲ ಒದರಿ ಸುಮ್ಮನಾಗುತ್ತಿದ್ದವು. ಅಜ್ಜ ಹಿಂಡನ್ನೆಲ್ಲ ಹೊಡೆದು ಪಕ್ಕದ ಬೀಳು ನೆಲಕ್ಕೆ ಹಾಕಿದ. ಅವನು ಅಷ್ಟು ಜೋರಾಗಿ ಓಡಿದ್ದನ್ನು ನಾನು ಕಂಡಿರಲಿಲ್ಲ. ತೂರಾಡುತ್ತಿದ್ದವುಗಳ ಬಾಯಿಗೆ ಬೆಲ್ಲದ ನೀರು ಸುರಿದ. ನಾಲ್ಕೈದು ಉಳಿದವು.

ಆಮೇಲೆ ಸತ್ತವುಗಳ ಪಕ್ಕದಲ್ಲಿ ಒಂದೊಂದಾಗಿ ಕುಳಿತು, ಬಾಯಿಯೊಳಗೆ ಬೆರಳು ಆಡಿಸಿ, ನೀರಿನಿಂದ ತೊಳೆದ. ಮಕ್ಕಳ ಬಾಯಿ ತೊಳೆದ ಹಾಗೆ. ನನಗೆ ಅಳು ಬಂತು.

"ದನದ ಡಾಕ್ಟರನ್ನ ಕರಸೂಣ," ಎಂದ ಅಣ್ಣ.

"ಬ್ಯಾಡ. ಕೊಯ್ದ ನೋಡೂದ ಬ್ಯಾಡ. ಸತ್ತಾವ, ಮುಗೀತು," ಎಂದು ಅಜ್ಜ ಹೊಂಡ ತೋಡಲು ಹೇಳಿದ.

ಆಗ ನಾನು ಹೇಳಿಬಿಟ್ಟೆ. ಬೆಳಿಗ್ಗೆ ವಿರೂಪಾಕ್ಷ ಬೆನ್ನಿಗೆ ಎಣ್ಣೆ, ಅಂದರೆ ಹುಳದ ಔಷಧ, ಹೊಡೆಯುವ ಡಬ್ಬಿ ಕಟ್ಟಿಕೊಂಡು ಬದುವಿನ ಗುಂಟ ಹೋದದ್ದನ್ನು ನಾನು ಕಂಡಿದ್ದೆ. ಕಡಲೆಗೆ ಹೊಡೆಯುತ್ತಿದ್ದನೋ, ಬದುವಿನ ಈಚೆಗೋ, ನಾನು ನೋಡಲಿಲ್ಲ. ಅಣ್ಣನಿಗೆ ಅಷ್ಟೇ ಸಾಕಾಯಿತು.

"ನೋಡಿದ್ಯಾ ಯಜ್ಜಾ? ನಾ ಅಂದಿದ್ನಿಲ್ಲ, ಆ ಮಗಾ ಎಣ್ಣಿ ಹೊಡದಾನ!"

ಅಜ್ಜ ಹೊಂಡದ ಮಣ್ಣು ಎಳೆಯುತ್ತಲೇ ಇದ್ದ. ಹೌದು ಎನ್ನಲಿಲ್ಲ.

ಫೆಬ್ರುವರಿ 19, ಗುರುವಾರ

ಅಣ್ಣ ಹೋಗಿ ವಿರೂಪಾಕ್ಷನ ಕೊರಳಪಟ್ಟಿ ಹಿಡಿದ. ನಾಲ್ಕು ಜನ ಬಿಡಿಸಿದರು. ಮಧ್ಯಾಹ್ನದಿಂದ ಕೆರೆಯ ದಾರಿಗೆ ಜಾಲಿಮುಳ್ಳು ಬಿದ್ದಿದೆ. ಕುರಿಗಳು ನೀರಿನ ಕಡೆ ಮುಖ ಮಾಡಿ ಒದರುತ್ತಿವೆ.

ಅಣ್ಣ ಫೋನು ಮಾಡಿದ್ದಾನೆ. ಸವದತ್ತಿಯ ಕಡೆ ಬೀಡು ಬಿಟ್ಟಿರುವ ಸತ್ಯಪ್ಪ ಕಾಕಾ ತನ್ನ ಹಿಂಡು, ತನ್ನ ಮಂದಿಯನ್ನು ಕರೆದುಕೊಂಡು ಬರುತ್ತಾನಂತೆ. ಶನಿವಾರ ಬೆಳಿಗ್ಗೆ ಎರಡು ಹಿಂಡನ್ನೂ ವಿರೂಪಾಕ್ಷನ ಕಡಲೆಗೆ ಬಿಡುವುದು. ಅವನ ವರ್ಷದ ಅನ್ನ ಒಂದು ತಾಸಿನಲ್ಲಿ ಹೋಗುತ್ತದೆ. ಊರಿನವರೂ ಸುಮ್ಮನಿರುವುದಿಲ್ಲ. ಗುಡಿಯ ಮುಂದೆ ಬಡಿಗೆ ಒಟ್ಟಿದ್ದಾರೆ. ಅಣ್ಣ ಕೊಡಲಿ ಮಸೆಯುತ್ತಿದ್ದಾನೆ. ವೈನಿ ಹೆರುವ ಹೊತ್ತಿಗೆ ಅಣ್ಣ ಎಲ್ಲಿರುತ್ತಾನೆ? ಜೈಲಿನಲ್ಲೋ, ಆಸ್ಪತ್ರೆಯಲ್ಲೋ?

ಸಂಜೆ ಇಂದ್ರವ್ವ ಯಾರೂ ಕಾಣದ ಹಾಗೆ ಬದುವಿನ ಆಚೆಯಿಂದ ಬಂದಳು. ಕೊಡ ನೀರು ತಂದಿದ್ದಳು. ನನ್ನ ಕೈ ಹಿಡಿದಳು.

"ಯವ್ವಾ, ನಿಮ್ಮ ಅಣ್ಣಗ ಹೇಳು. ನಮ್ಮ ವಿರೂಪಾಕ್ಷ ಸಿಡುಕ ಅದಾನ, ವಿಷಾ ಹಾಕೂವಷ್ಟ ಕೆಟ್ಟಾಂವ ಅಲ್ಲ. ಕೂಳೀ ಚಿಗುರ ತಿಂದ ಸತ್ತಾವ ಅವು. ಒಣಗಿದ ಜ್ವಾಳಕ್ಕ ಮಳಿ ಬಿದ್ದರ ಬರೂ ಚಿಗುರ ನಂಜ ಇರತೈತಿ. ನಮ್ಮ ಆಕಳ ಒಂದ ಹಂಗ ಹೋತು, ಮುಂಗಾರ್ಯಾಗ. ಈ ದಿನದಾಗ ಚಿಗುರ ಬರತೈತಿ ಅಂತ ನನಗೂ ಹೊಳೀಲಿಲ್ಲ. ಹೊಳದಿದ್ರ ನಾ ಕರೀತಿದ್ನೇನ?"

ಮೈದುನನನ್ನು ಉಳಿಸಲು ಬಂದಿದ್ದಾಳೆ ಅಂದುಕೊಂಡೆ. ಅಳುವಾಗ ಸೆರಗಿನ ಅಂಚಿನಿಂದ ನನ್ನನ್ನೇ ನೋಡುತ್ತಿದ್ದಳು. ನೀರನ್ನು ಮೊದಲು ಕುದುರೆಗೆ ಕುಡಿಸಿದೆ.

ಆದರೆ ಬೆಲ್ಲ. ನಾನು ಸಣ್ಣವಳಿದ್ದಾಗ ನಮ್ಮ ಹಟ್ಟಿಯಲ್ಲಿ ಒಂದು ಮೇಕೆ ಹಿತ್ತಲಿನ ಜೋಳದ ಸುಳಿ ತಿಂದು ಬಿದ್ದಿತ್ತು. ಆಗ ಅಜ್ಜ ಬೆಲ್ಲದ ನೀರು ಸುರಿದಿದ್ದ. ಹಾವು ಕಡಿದಾಗ ಯಾವುದೋ ಬೇರು ಅರೆದು ಕೊಡುತ್ತಾನೆ, ಹೊಟ್ಟೆ ಉಬ್ಬಿದಾಗ ಶೇಂಗಾ ಎಣ್ಣೆ. ಬೆಲ್ಲವನ್ನು ಅವನು ಬೇರೆ ಯಾವುದಕ್ಕೂ ಕೊಟ್ಟಿದ್ದು ನನಗೆ ನೆನಪಿಲ್ಲ.

ಮತ್ತೆ ಆ ಬಾಯಿಗಳು. ಅವನು ತೊಳೆಯುತ್ತಿದ್ದನೋ, ಏನನ್ನಾದರೂ ತೆಗೆಯುತ್ತಿದ್ದನೋ?

ಫೆಬ್ರುವರಿ 20, ಶುಕ್ರವಾರ

ಇವತ್ತು ನಾನು ಅಜ್ಜನನ್ನೇ ನೋಡುತ್ತಿದ್ದೆ. ಊಟ ಮಾಡುವಾಗ, ಕಂಬಳಿ ಕೊಡವುವಾಗ. ಕಳ್ಳನನ್ನು ನೋಡಿದ ಹಾಗೆ ಅಜ್ಜನನ್ನು ನೋಡುವ ದಿನ ಬರುತ್ತದೆ ಎಂದುಕೊಂಡಿರಲಿಲ್ಲ. ಅವನು ಹಿಂಡನ್ನು ಇಂದ್ರವ್ವನ ಹೊಲದ ಹತ್ತಿರವೂ ಸುಳಿಯಲು ಬಿಡುತ್ತಿಲ್ಲ. ಎಣ್ಣೆ ಹೊಡೆದ ಹೊಲ, ಅದಕ್ಕೇ ಎನ್ನುತ್ತಾನೆ ಅಣ್ಣ. ಆದರೆ ವಿರೂಪಾಕ್ಷನ ಕಡಲೆಗೂ ಎಣ್ಣೆ ಬಿದ್ದಿರಬಹುದಲ್ಲ. ನಾಳೆ ಅಲ್ಲಿಗೆ ಕುರಿ ಬಿಡಲು ಅಜ್ಜ ಯಾಕೆ ಹೆದರುತ್ತಿಲ್ಲ?

ಮರಿಗಳಿಗೆ ಹಾಲು ಕುಡಿಸುವಾಗ ಕೇಳಿಯೇಬಿಟ್ಟೆ. "ಯಜ್ಜಾ, ಆ ಹೊಲದಾಗ ಚಿಗುರ ಇತ್ತು. ನಾ ಕಂಡಿದ್ನಿ. ಅದನ್ನ ತಿಂದ್ರ ಕುರಿ ಸಾಯ್ತಾವೇನ?"

ಅವನ ಕೈ ಒಂದು ಗಳಿಗೆ ನಿಂತಿತು.

"ಯಾರ ಹೇಳಿದ್ರ ನಿನಗ?"

"ಇಂದ್ರವ್ವ."

"ಅವರ ಮನಿ ಮಾತ ನಮ್ಮ ಬಿಡಾರಕ್ಕ ತರಬ್ಯಾಡ. ನೀ ಸಾಲಿ ಕಲತಾಕಿ, ಬರಕೋತ ಕೂಡು. ಕುರೀ ಸುದ್ದಿ ನನಗ ಬಿಡು."

ಇಲ್ಲ ಎಂದು ಹೇಳಲಿಲ್ಲ.

ಫೆಬ್ರುವರಿ 21, ಶನಿವಾರ

ಕಡಲೆ ನಿಂತಿದೆ. ಅಣ್ಣನ ಮೈಮೇಲೆ ಒಂದು ಗೆರೆಯೂ ಎದ್ದಿಲ್ಲ. ಆಗಿದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಕು ಹರಿಯುವಾಗ ಸತ್ಯಪ್ಪ ಕಾಕಾನ ಹಿಂಡು ಬಂತು. ಧೂಳು ಕಂಡು ಊರಿನವರೂ ಬಂದರು. ಬದುವಿನ ಈಚೆ ನಾವು, ಆಚೆ ಅವರು, ನಡುವೆ ವಿರೂಪಾಕ್ಷನ ಕಡಲೆ. ಅವನ ಕೈಯಲ್ಲಿ ಬಡಿಗೆ, ಮುಖ ಬಿಳಿಚಿಕೊಂಡಿತ್ತು.

"ಒಂದ ಕುರಿ ಒಳಗ ಕಾಲಿಟ್ರ ನಿಮ್ಮ ಹೆಣಾ ಬೀಳತಾವ!"

"ನಮ್ಮ ಒಂಬತ್ತು ಬಿದ್ದಾವಲೇ ಆಗಲೇ! ಲೆಕ್ಕ ಕೊಡ ಮೊದಲ!" ಎಂದು ಅಣ್ಣ ಕೊಡಲಿ ಎತ್ತಿದ.

"ಕೈ ಅಲ್ಲ, ಕುರಿ ಬಿಡೋ ಮಾಂತೇಶಾ," ಎಂದ ಸತ್ಯಪ್ಪ ಕಾಕಾ. "ಕುರಿಗಿ ಯಾವ ಪೋಲೀಸ ಏನ ಮಾಡ್ತಾನ?"

ಎಲ್ಲರೂ ಅಜ್ಜನ ಬಾಯಿ ನೋಡುತ್ತಿದ್ದರು. ಅವನು "ಬಿಡೋ" ಎಂದರೆ ಸಾಕಿತ್ತು.

ನಾನು ಇಂದ್ರವ್ವನ ಹೊಲಕ್ಕೆ ಇಳಿದೆ. ಕೂಳೆಯ ಬುಡದಿಂದ ಎರಡೂ ಕೈ ತುಂಬ ಚಿಗುರು ಕಿತ್ತೆ. ತಂದು ಕರಿಮುಖದ ಟಗರಿನ ಮುಂದೆ ಕುಳಿತೆ. ಅದರ ತಾಯಿ ಸತ್ತಾಗ ಅಜ್ಜ ಅದನ್ನು ಕಂಬಳಿಯೊಳಗೆ ಇಟ್ಟುಕೊಂಡು, ಬೆರಳು ಚೀಪಿಸಿ ಬದುಕಿಸಿದ್ದ. ಹಿಂಡಿಗೆಲ್ಲ ಅದೇ ಮುಂದು. ಹಸಿದಿತ್ತು, ಕತ್ತು ಚಾಚಿತು.

"ಯಜ್ಜಾ," ಎಂದೆ. "ಇದನ್ನ ಇದಕ್ಕ ತಿನ್ನಸಲೇನ?"

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಾಗಬೇಕಿತ್ತು. ಅಜ್ಜ ಸುಮ್ಮನಿದ್ದಿದ್ದರೆ ನಾನು ತಿನ್ನಿಸಿಬಿಡುತ್ತಿದ್ದೆನೋ ಏನೋ. ಟಗರಿನ ತುಟಿ ನನ್ನ ಬೆರಳಿಗೆ ತಾಗಿತು.

"ಬ್ಯಾಡ!" ಅಜ್ಜ ಹಾರಿ ಬಂದು ನನ್ನ ಕೈಗೆ ಹೊಡೆದ. ಚಿಗುರು ಚೆಲ್ಲಿತು. ಟಗರು ಬಾಯಿ ಹಾಕುವ ಮೊದಲೇ ಅದನ್ನು ಕಾಲಿನಿಂದ ಹೊಸಕಿದ. "ನಂಜ ಐತಿ ಅದು! ನಂಜ!"

ಬದುವಿನ ಎರಡೂ ಕಡೆ ಕೇಳಿಸಿತು.

ಸತ್ಯಪ್ಪ ಕಾಕಾ ನಿಧಾನವಾಗಿ ಹತ್ತಿರ ಬಂದ. "ಅಮೋಘಣ್ಣಾ, ಇದು ನಿನಗ ಗೊತ್ತಿತ್ತೇನ?"

ಅಜ್ಜ ಟಗರಿನ ಕೊರಳು ತಬ್ಬಿಕೊಂಡು ಕುಕ್ಕರಗಾಲಲ್ಲಿ ಕುಳಿತಿದ್ದ.

"ಶಿವರಾತ್ರಿ ದಾಟಿದ ಮ್ಯಾಲ ಕೂಳಿ ಅಂದ್ರ ಕಟ್ಟಿಗಿ ಇದ್ದಂಗ," ಎಂದ. "ನಮ್ಮಪ್ಪನೂ ಹಂಗ ಬಿಡತಿದ್ದ, ನಾನೂ ಹಂಗ ಬಿಟಗೋತ ಬಂದೇನಿ. ನಾ ಬಗ್ಗಿ ನೋಡಲಿಲ್ಲ. ಬಿದ್ದ ಮ್ಯಾಲ ಬಾಯಾಗ ಹಸರ ಕಂಡ ತಿಳೀತು. ಮಂದೀ ಕುರಿ ಅವು ಸತ್ಯಪ್ಪಾ. ಅಮೋಘಸಿದ್ದಗ ತಿಳೀಲಿಲ್ಲ ಅಂದ್ರ ಇನ್ನ ನನ್ನ ಮುಂದ ಯಾರ ಕುರಿ ಬಿಡತಾರ?"

ವಿರೂಪಾಕ್ಷ ಬಡಿಗೆ ಇಳಿಸಿ ಕಡಲೆಯ ಬದುವಿನ ಮೇಲೇ ಕುಳಿತುಬಿಟ್ಟ. ಅಣ್ಣ ನನ್ನ ಕಡೆ ನೋಡಿದ ನೋಟವನ್ನು ಬರೆಯಲು ಬರುವುದಿಲ್ಲ. ಆಮೇಲೆ ಕೊಡಲಿಯನ್ನು ಕುದುರೆಯ ಸಾಮಾನಿನೊಳಗೆ ತುರುಕಿದ.



ಫೆಬ್ರುವರಿ 22, ರವಿವಾರ

ಕೆರೆಯ ದಾರಿಯ ಮುಳ್ಳು ತೆಗೆದಿದ್ದಾರೆ. ಕುರಿಗಳಿಗೆ ಹೊಟ್ಟೆ ತುಂಬ ನೀರು ಕುಡಿಸಿದೆವು. ಏರಿಯ ಮೇಲೆ ಇವತ್ತೂ ಒಬ್ಬ ನಿಂತಿದ್ದ.

ಅಜ್ಜ ನನ್ನ ಜೊತೆ ಮಾತಾಡುತ್ತಿಲ್ಲ. ನಾನು ಬಡಿಸಿದ್ದನ್ನು ಉಣ್ಣುತ್ತಾನೆ, ತಟ್ಟೆಯನ್ನು ಅಣ್ಣನ ಕೈಗೆ ಕೊಡುತ್ತಾನೆ. ಸತ್ತದ್ದು ಯಾವುದರಿಂದ ಎಂದು ಅಣ್ಣ ಹಟ್ಟಿಗೆ ಫೋನು ಮಾಡಿ ಇದ್ದಂತೆ ಹೇಳಿದ. ಆ ಕಡೆಯವರು ಏನೆಂದರೋ ಹೇಳಲಿಲ್ಲ. ಅವರು ಮುಂದಿನ ವರ್ಷ ಕುರಿ ಬಿಡುತ್ತಾರೋ ಇಲ್ಲವೋ.

ಹೊರಡುವಾಗ ವಿರೂಪಾಕ್ಷ ದಾರಿಯಲ್ಲಿ ಮೋಟರ್ ಸೈಕಲ್ ಮೇಲೆ ಕುಳಿತಿದ್ದ. "ಬರೂ ವರ್ಷ ಬರೂದಿದ್ರ ಮೊದಲ ಫೋನ್ ಮಾಡ್ರಿ," ಎಂದ. ಬನ್ನಿ ಎಂದನೋ, ಬರಬೇಡಿ ಎಂದನೋ? ಅವನ ಮುಖ ನೋಡಿ ಹೇಳಲಾಗಲಿಲ್ಲ.

"ನಂಬರ ಹೇಳ್ರಿ," ಎಂದೆ. ಬರೆದುಕೊಂಡೆ.

ಫೆಬ್ರುವರಿ 24, ಮಂಗಳವಾರ

ಬೈಲಹೊಂಗಲ ಹಿಂದೆ ಉಳಿಯಿತು. ಇಲ್ಲಿಯೂ ಆ ಹೆಸರಿಲ್ಲದ ಮಳೆ ಬಿದ್ದಿದೆ, ರಸ್ತೆಯ ಗುಂಡಿಗಳಲ್ಲಿ ಕೆಸರು ಹೆಪ್ಪುಗಟ್ಟಿದೆ. ಇವತ್ತು ಬೆಳಿಗ್ಗೆ ಒಬ್ಬ ರೈತ ತನ್ನ ಕೂಳೆ ಹೊಲ ತೋರಿಸಿದ. ಯಾಕೆ ಕರೆದನೋ, ಅವನ ಮನಸ್ಸಿನಲ್ಲಿ ಏನಿದೆಯೋ, ಗೊತ್ತಿಲ್ಲ. ಅಣ್ಣ ಅಜ್ಜನ ಕಡೆ ನೋಡಿದ. ಅಜ್ಜ ಬದುವಿನ ಮೇಲೆ ಕೋಲು ಅಡ್ಡ ಹಿಡಿದು ಹಿಂಡನ್ನು ತಡೆದು ನಿಂತ. ನನ್ನ ಕಡೆ ತಿರುಗಿ ಗದ್ದದಿಂದ ಹೊಲ ತೋರಿಸಿದ.

ಚಪ್ಪಲಿ ಬಿಟ್ಟು ಒಳಗೆ ಹೋದೆ. ಸಾಲಿನಿಂದ ಸಾಲಿಗೆ ಬಗ್ಗಿ, ಕೂಳೆಯ ಬುಡದ ಮಣ್ಣು ಬೆರಳಿನಿಂದ ಸರಿಸಿ ನೋಡಿದೆ. ಆ ತುದಿಯವರೆಗೂ ಹೋದೆ, ಎಲ್ಲೂ ಹಸಿರು ಕಾಣಲಿಲ್ಲ. ಒಂದು ದಂಟು ಮುರಿದೆ. ಲಟಕ್ಕೆಂದಿತು, ಒಳಗೆ ಬೆಂಡು ಒಣಗಿತ್ತು. ಎದ್ದು ನಿಂತು, ಅಷ್ಟು ದೂರಕ್ಕೆ ಕೇಳುವ ಹಾಗೆ ಕೂಗಿದೆ:

"ಬಿಡ್ರಿ!"